ಗೋಣಿಚೀಲದ ಮೇಲಿನ ಅಕ್ಷರ



ಚಾಮರಾಜಪೇಟೆಯ ಈ ಸಭಾಂಗಣಕ್ಕೆ ಇವತ್ತು ನಾನು ನೇರವಾಗಿ ಬರಲಿಲ್ಲ. ಮಾರ್ಕೆಟ್ ಹತ್ತಿರ ಬಸ್ಸಿಳಿದು, ಹೊಸ ತರಗುಪೇಟೆಯ ಒಳದಾರಿ ಹಿಡಿದು, ಮುಕ್ಕಾಲು ಗಂಟೆ ಅಡ್ಡಾಡಿ ಬಂದೆ. ನನ್ನ ಚಪ್ಪಲಿಯ ಮೇಲೆ ಇನ್ನೂ ಒಂದಿಷ್ಟು ಹೊಟ್ಟಿನ ಧೂಳಿದೆ. ಸಾಮಾನ್ಯವಾಗಿ ಉಪನ್ಯಾಸಕ್ಕೆ ಮುಂಚೆ ಟಿಪ್ಪಣಿಗಳನ್ನು ಮತ್ತೊಮ್ಮೆ ಓದಿಕೊಳ್ಳುವುದು ರೂಢಿ. ನನ್ನ ಟಿಪ್ಪಣಿಗಳು ಆ ಬೀದಿಯಲ್ಲೇ ಇವೆ. ಅವನ್ನೇ ಓದಿಕೊಂಡು ಬಂದೆ.

ವೃತ್ತಿಯಿಂದ ನಾನು ಗ್ರಾಫಿಕ್ ವಿನ್ಯಾಸಕ. ಪುಸ್ತಕದ ಮುಖಪುಟ, ಔಷಧಿಯ ಡಬ್ಬಿ, ಅಂಗಡಿಯ ಲಾಂಛನ, ಆಸ್ಪತ್ರೆಯಲ್ಲಿ ದಾರಿ ತೋರಿಸುವ ಫಲಕ ಮುಂತಾದವನ್ನು ಮಾಡುವವನು. ಅಕ್ಷರ, ಚಿತ್ರ, ಬಣ್ಣ, ಖಾಲಿ ಜಾಗ, ಈ ನಾಲ್ಕನ್ನು ಹೊಂದಿಸುವ ಕೆಲಸ ಅದು. ಇಪ್ಪತ್ತೈದು ವರ್ಷಗಳಿಂದ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: ‘ನಿಮಗೆ ಸ್ಫೂರ್ತಿ ಎಲ್ಲಿಂದ ಸಾರ್?’ ಸ್ವಿಟ್ಜರ್ಲೆಂಡಿನ ಯಾವುದೋ ಭಿತ್ತಿಪತ್ರದ ಹೆಸರನ್ನೋ ಜಪಾನಿನ ಯಾವುದೋ ಪುಸ್ತಕದ ಹೆಸರನ್ನೋ ಹೇಳುತ್ತೇನೆಂದು ಅವರು ಕಾಯುತ್ತಾರೆ. ಅವೂ ನನಗೆ ಪ್ರಿಯವೇ. ಆದರೆ ನಿಜವಾದ ಉತ್ತರ ಹೇಳಬೇಕೆಂದರೆ ಅವರನ್ನು ಕೈಹಿಡಿದು ತರಗುಪೇಟೆಗೆ ಕರೆದೊಯ್ಯಬೇಕು. ಇವತ್ತು ಮಾತಿನಲ್ಲಿ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತೇನೆ.

ಮೊದಲಿಗೆ ಚೀಲಗಳ ಮೇಲಿನ ಗುರುತುಗಳ ಬಗ್ಗೆ ಮಾತಾಡುತ್ತೇನೆ. ಆಮೇಲೆ ಲೆಕ್ಕದ ಪುಸ್ತಕ ಮತ್ತು ಕಡತ. ಅಲ್ಲಿಂದ ಬಣ್ಣಕ್ಕೆ ಹೋಗಿ, ಕೊನೆಗೆ ಅಂಗಡಿ ಬೋರ್ಡು ಮತ್ತು ಕಂಪ್ಯೂಟರಿನ ಅಕ್ಷರಗಳಿಗೆ ಬರುತ್ತೇನೆ. ಈ ಎಲ್ಲದರಲ್ಲೂ ನಾನು ಹುಡುಕುವುದು ಒಂದನ್ನೇ: ಕಣ್ಣೆದುರಿಗಿನ ಆಕಾರದ ಹಿಂದೆ ಯಾವ ಉಪಕರಣ ಇದೆ, ಅದನ್ನು ಹಿಡಿದ ಕೈಗೆ ಯಾವ ಕಷ್ಟ ಎದುರಾಗಿತ್ತು ಎಂಬುದನ್ನು. ಅದು ಗೊತ್ತಾದ ದಿನ ನನಗೆ ಒಂದು ಹೊಸ ಪಾಠ ಸಿಕ್ಕಂತೆ. ಮನಸ್ಸಿಗೆ ಖುಷಿಯೂ ಅಲ್ಲೇ ಸಿಗುತ್ತದೆ.

ತರಗುಪೇಟೆಯ ಪರಿಚಯ ಇಲ್ಲಿರುವ ಬಹುಪಾಲು ಜನರಿಗೆ ಇದೆ. ಕಿರಿಯರಿಗಾಗಿ ಎರಡು ಮಾತು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ ಎಂಬುದು ಹೆಸರುಗಳಲ್ಲೇ ಉಳಿದಿದೆ: ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ತರಗುಪೇಟೆ ಧಾನ್ಯದ ವ್ಯಾಪಾರದ್ದು. ಹಳೇ ತರಗುಪೇಟೆ, ಹೊಸ ತರಗುಪೇಟೆ ಎಂದು ಎರಡಾಗಿ ಕೋಟೆ, ಮಾರ್ಕೆಟ್ಟು, ಕಲಾಸಿಪಾಳ್ಯಗಳ ನೆರೆಯಲ್ಲಿ ಹಬ್ಬಿಕೊಂಡಿದೆ. ಸಗಟು ವ್ಯಾಪಾರದ ದೊಡ್ಡ ಪಾಲು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋದ ಮೇಲೂ ಇಲ್ಲಿನ ಮಂಡಿಗಳಲ್ಲಿ ಬೆಳಗಾದರೆ ಮೂಟೆ ಇಳಿಯುವುದು ನಿಂತಿಲ್ಲ. ನಮ್ಮ ತಂದೆಯವರು ಇಂಥ ಒಂದು ಬೇಳೆಕಾಳು ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಶಾಲೆ ಬಿಟ್ಟ ಮೇಲೆ ಅವರಿಗೆ ಡಬ್ಬಿ ತಲುಪಿಸುವ ನೆಪದಲ್ಲಿ ನಾನು ಅಲ್ಲಿಯೇ ಮೂಟೆಗಳ ಮೇಲೆ ಕೂತು ಬೆಳೆದೆ.

ಈಗ ಮೊದಲ ವಿಷಯಕ್ಕೆ ಬರುತ್ತೇನೆ, ಚೀಲದ ಮೇಲಿನ ಗುರುತಿಗೆ. ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದಕ್ಕೆ ನಿಮ್ಮ ಅನುಮತಿ ಬೇಕು.

ಗೋಣಿಚೀಲ ಎಂಬುದು ಬರೆಯುವುದಕ್ಕೆ ಅತ್ಯಂತ ಪ್ರತಿಕೂಲವಾದ ಮೇಲ್ಮೈ. ಸೆಣಬಿನ ನೇಯ್ಗೆ ಒರಟು. ಎಳೆಗಳ ನಡುವೆ ಕಾಳು ಇಣುಕುವಷ್ಟು ಸಂದು. ಶಾಯಿ ಹಚ್ಚಿದರೆ ಎಳೆಯುದ್ದಕ್ಕೂ ಹರಡುತ್ತದೆ. ತುಂಬಿದ ಮೂಟೆ ಉಬ್ಬಿಕೊಂಡಿರುತ್ತದೆ, ಖಾಲಿ ಚೀಲ ಮುದುಡಿಕೊಂಡಿರುತ್ತದೆ. ಇದರ ಮೇಲೆ ನೂರಾರು ಸಲ ಒಂದೇ ಹೆಸರು ಬರೆಯಬೇಕಾದಾಗ ಮಂಡಿಯವರು ಕಂಡುಕೊಂಡ ಉಪಾಯ ತಗಡಿನ ಅಚ್ಚು. ತಗಡಿನಲ್ಲಿ ಅಕ್ಷರಗಳನ್ನು ಕೊರೆದು, ಅದನ್ನು ಚೀಲದ ಮೇಲಿಟ್ಟು, ಶಾಯಿಯಲ್ಲಿ ಅದ್ದಿದ ಬ್ರಷ್ಷನ್ನೋ ಬಟ್ಟೆಯ ಉಂಡೆಯನ್ನೋ ಒತ್ತಿದರೆ ಆಯಿತು.

ಇಲ್ಲಿಯೇ ಕನ್ನಡದ ಒಂದು ಸೊಗಸಾದ ತೊಡಕು ಎದುರಾಗುತ್ತದೆ. ನಮ್ಮ ಲಿಪಿ ದುಂಡು. ತಾಳೆಗರಿಯ ಮೇಲೆ ಕಂಟದಿಂದ ನೇರವಾಗಿ ಗೀರಿದರೆ ಗರಿ ಸೀಳುತ್ತಿತ್ತು, ಆದ್ದರಿಂದ ದಕ್ಷಿಣದ ಲಿಪಿಗಳು ದುಂಡಗಾದವು ಎಂದು ಹಲವರು ಹೇಳುತ್ತಾರೆ. ಕಾರಣ ಏನೇ ಇರಲಿ, ದುಂಡು ಅಕ್ಷರದಲ್ಲಿ ಮುಚ್ಚಿದ ಹೊಟ್ಟೆ ಇರುತ್ತದೆ. ಸೊನ್ನೆಯನ್ನೇ ತೆಗೆದುಕೊಳ್ಳಿ. ತಗಡಿನಲ್ಲಿ ಒಂದು ಉಂಗುರವನ್ನು ಪೂರ್ತಿ ಕೊರೆದುಬಿಟ್ಟರೆ ಒಳಗಿನ ಬಿಲ್ಲೆ ಕಳಚಿ ಬೀಳುತ್ತದೆ. ಉಂಗುರದ ಬದಲು ಒಂದು ಕರಿ ಬೊಟ್ಟು ಅಚ್ಚಾಗುತ್ತದೆ. ಆ ಬಿಲ್ಲೆ ನಿಲ್ಲಬೇಕಾದರೆ ಸುತ್ತಲಿನ ತಗಡಿಗೂ ಅದಕ್ಕೂ ನಡುವೆ ಸಣ್ಣ ಕೊಂಡಿಗಳನ್ನು ಉಳಿಸಬೇಕು. ಕೊಂಡಿ ಎಲ್ಲಿ ಉಳಿಸುವುದು? ಅಕ್ಷರದ ಗುರುತು ಕೆಡದ ಜಾಗದಲ್ಲಿ. ಅದು ಯಾವ ಜಾಗ ಎಂದು ತೀರ್ಮಾನಿಸಬೇಕಾದರೆ ಈ ಅಕ್ಷರ ಆ ಅಕ್ಷರದಿಂದ ಬೇರೆಯಾಗುವುದು ಯಾವ ಗೆರೆಯಿಂದ ಎಂಬುದು ಖಚಿತವಾಗಿ ಗೊತ್ತಿರಬೇಕು.

‘ರ’ ಮತ್ತು ‘ಠ’ಗಳನ್ನು ನೋಡಿ. ‘ಠ’ದ ಹೊಟ್ಟೆಯಲ್ಲಿ ಒಂದು ಚುಕ್ಕಿ, ಅಷ್ಟೇ ವ್ಯತ್ಯಾಸ. ‘ದ’, ‘ಧ’, ‘ಥ’ ಇವು ಒಂದೇ ಮನೆಯವು. ‘ಧ’ಕ್ಕೆ ಅಡಿಯಲ್ಲಿ ಸೀಳು, ‘ಥ’ಕ್ಕೆ ಆ ಸೀಳಿನ ಜೊತೆ ಒಳಗೊಂದು ಚುಕ್ಕಿ. ಗೋಣಿಯ ಮೇಲೆ ಶಾಯಿ ಹರಡಿದರೆ ಮೊದಲು ಮುಚ್ಚಿಹೋಗುವುದು ಈ ಸೀಳು, ಈ ಚುಕ್ಕಿಯ ಸುತ್ತಲಿನ ಬಿಳಿ. ಆದ್ದರಿಂದ ತಗಡು ಕೊರೆಯುವವರು ಸೀಳನ್ನು ಪುಸ್ತಕದ ಅಕ್ಷರಕ್ಕಿಂತ ಅಗಲವಾಗಿ, ಉದ್ದವಾಗಿ ಉಳಿಸುತ್ತಿದ್ದರು. ತಲೆಕಟ್ಟನ್ನು ಒಡಲಿನಿಂದ ಬೇರ್ಪಡಿಸಿ ಕೊಂಡಿಯನ್ನು ಅಲ್ಲೇ ಬಿಡುತ್ತಿದ್ದರು. ಏಕೆಂದರೆ ತಲೆಕಟ್ಟು ತುಸು ಮೇಲೆ ತೇಲಿದರೂ ಕನ್ನಡ ಕಣ್ಣು ಅದನ್ನು ಕೂಡಿಸಿಕೊಂಡೇ ಓದುತ್ತದೆ. ಯಾವ ವಿನ್ಯಾಸ ಶಾಲೆಯಲ್ಲೂ ನನಗೆ ಯಾರೂ ಹೇಳಿಕೊಡದ ವಿಷಯ ಇದು. ಕನ್ನಡ ಅಕ್ಷರದ ಜೀವ ಎಲ್ಲಿದೆ, ಯಾವುದನ್ನು ಕತ್ತರಿಸಿದರೂ ಅದು ಬದುಕುತ್ತದೆ ಎಂಬುದನ್ನು ತಗಡು ಕೊರೆಯುವವರು ಕತ್ತರಿಯ ಮೊನೆಯಲ್ಲಿ ಕಂಡುಕೊಂಡಿದ್ದರು.

ಆ ಚೀಲಗಳ ಮೇಲಿನ ಊರ ಹೆಸರುಗಳಿಂದ ನಾನು ಭೂಗೋಳವನ್ನೂ ಕಲಿತೆ. ಅಕ್ಕಿ ಬಂದರೆ ಗಂಗಾವತಿ, ಸಿಂಧನೂರು, ರಾಯಚೂರು; ತೊಗರಿ ಬಂದರೆ ಕಲಬುರಗಿ; ಮೆಣಸಿನಕಾಯಿ ಬಂದರೆ ಬ್ಯಾಡಗಿ; ಕೊಬ್ಬರಿ ಬಂದರೆ ತಿಪಟೂರು. ‘ರಾಯಚೂರು’ ಎಂಬ ಹೆಸರಿನಲ್ಲಿ ಎರಡು ‘ರ’ ಇವೆಯಲ್ಲ, ಎರಡಕ್ಕೂ ಕೊಂಡಿ ಒಂದೇ ಕಡೆ ಇದ್ದರೆ ಅದು ಒಬ್ಬ ಪಳಗಿದ ಕೈಯ ಕೆಲಸ ಎಂದು ಹೇಳಬಹುದಿತ್ತು. ಬೇರೆ ಬೇರೆ ಕಡೆ ಇದ್ದರೆ ಕಲಿಯುವ ಹುಡುಗನದು. ಈ ಪತ್ತೇದಾರಿಕೆ ನನಗೆ ಬಾಲ್ಯದ ಆಟ.

ಅಕ್ಷರದ ಜೊತೆಗೆ ಚಿತ್ರವೂ ಇರುತ್ತಿತ್ತು. ನವಿಲು, ಒಂಟೆ, ಆನೆ, ಕಮಲ, ನಕ್ಷತ್ರ. ಓದು ಬಾರದವರಿಗೂ, ಬೇರೆ ಭಾಷೆಯ ಊರಿನಿಂದ ಬಂದವರಿಗೂ ಗುರುತು ಸಿಗಬೇಕಲ್ಲ. ಇದರಿಂದಾಗಿ ಮಂಡಿಯಲ್ಲಿ ನಡೆಯುತ್ತಿದ್ದ ಮಾತುಕತೆ ನೆನೆದರೆ ಇವತ್ತೂ ಮುಖ ಅರಳುತ್ತದೆ. ‘ಆ ನಾಲ್ಕು ಆನೆ ಗೋಡೆಗೆ ಒರಗಿಸಣ್ಣ’, ‘ಒಂಟೆ ಮೇಲೆ ನವಿಲು ಹಾಕಬೇಡ, ನವಿಲು ಸಂಜೆ ಹೋಗಬೇಕು’ ಎಂದು ಹಮಾಲಿಗಳು ಕೂಗಾಡುತ್ತಿದ್ದರು. ಒಂದು ಸಣ್ಣ ಚಿತ್ರ ಹೀಗೆ ಜನರ ನಾಲಗೆಯ ಮೇಲೆ ಹೆಸರಾಗಿ ಕೂರುವುದಿದೆಯಲ್ಲ, ಲಾಂಛನ ಬರೆಯುವವನಿಗೆ ಅದಕ್ಕಿಂತ ದೊಡ್ಡ ಆಸೆ ಇಲ್ಲ.

ಇದೇ ತರ್ಕ ದೊಡ್ಡ ಕೆಲಸಗಳಲ್ಲೂ ಇದೆ. ಮೈಸೂರು ಸ್ಯಾಂಡಲ್ ಸೋಪಿನ ಶರಭವನ್ನು ನೆನಪಿಸಿಕೊಳ್ಳಿ: ಸಿಂಹದ ದೇಹ, ಆನೆಯ ತಲೆ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಗಿ, ನಾಲ್ವಡಿಯವರ ಮತ್ತು ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಬೆಂಗಳೂರಿನಲ್ಲಿ ಸಾಬೂನು ತಯಾರಾಗತೊಡಗಿತು. ಸೋಪಿಗೆ ರೂಪ ಕೊಟ್ಟವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಕಾಡಿನಲ್ಲಿ ಎಲ್ಲೂ ಸಿಗದ ಆ ಪ್ರಾಣಿಯನ್ನು ನೂರು ವರ್ಷಗಳಿಂದ ಮನೆಮನೆಯ ಬಚ್ಚಲಲ್ಲಿ ಮಕ್ಕಳು ಬೆರಳಿನಿಂದ ಸವರಿ ನೋಡಿದ್ದಾರೆ. ಇನ್ನೊಂದು ಉದಾಹರಣೆ ಮೈಸೂರಿನಲ್ಲೇ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣರದು. ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆದ ಕೈಯೇ 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ‘ಗಟ್ಟು’ ಎಂಬ ತುಂಟ ಹುಡುಗನನ್ನು ಬರೆಯಿತು. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದು ಕೈಯಲ್ಲಿ ಬಣ್ಣದ ಡಬ್ಬಿ. ಕಂಪನಿಯ ಹೆಸರು ಬಾಯಿಗೆ ಬಾರದವರೂ ಅಂಗಡಿಗೆ ಹೋಗಿ ಬೆರಳು ತೋರಿಸಿ ಆ ಹುಡುಗನ ಬಣ್ಣವನ್ನೇ ಕೇಳಬಹುದಿತ್ತು. ತರಗುಪೇಟೆಯ ಒಂಟೆ, ನವಿಲುಗಳಿಗೂ ಗಟ್ಟುವಿಗೂ ನಾನು ಮೇಲುಕೀಳು ಎಣಿಸುವುದಿಲ್ಲ.

ಚೀಲದ ಮಾತನ್ನು ಇಲ್ಲಿಗೆ ನಿಲ್ಲಿಸಿ ಮಂಡಿಯ ಒಳಗೆ, ಗುಮಾಸ್ತರ ಮೇಜಿನ ಹತ್ತಿರ ಹೋಗೋಣ.

ಅಲ್ಲಿ ಕಿರ್ದಿ, ಖಾತೆ ಪುಸ್ತಕಗಳು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ತಲೆಯಲ್ಲಿ ‘ಶ್ರೀ’. ತಂದೆಯವರ ಕೈಬರಹದಲ್ಲಿ ಅಂಕಿಗಳು ಬಲಗಡೆ ಒಂದೇ ಗೆರೆಗೆ ಬಂದು ನಿಲ್ಲುತ್ತಿದ್ದವು. ವಿವರ ಎಡಗಡೆ ಎಲ್ಲಿಯವರೆಗೆ ಹೋದರೂ ಅಂಕಿಯ ದಾರಿಗೆ ಅಡ್ಡ ಬರುತ್ತಿರಲಿಲ್ಲ. ಎರಡು ಸಾಲಿನ ನಡುವೆ ಧಾರಾಳವಾಗಿ ಜಾಗ. ಈ ಜಾಗದ ಮಹತ್ವ ನನಗೆ ಅರ್ಥವಾದದ್ದು ತಡವಾಗಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಹಿಟ್ಟಿನ ಪೊಟ್ಟಣಕ್ಕೆ ಲೇಬಲ್ ಮಾಡಿದ್ದೆ. ಇಂಗ್ಲಿಷ್ ಲೇಬಲ್ಲಿನ ಅಳತೆಯಲ್ಲೇ ಕನ್ನಡವನ್ನು ಕೂರಿಸಿದೆ. ‘ಅಕ್ಕಿ ರೊಟ್ಟಿ ಹಿಟ್ಟು’ ಎಂಬ ಮೂರು ಪದಗಳಲ್ಲಿ ಮೂರು ಒತ್ತು. ಅವು ಕೆಳಗಿನ ಸಾಲಿನ ಗುಡಿಸುಗಳಿಗೆ ಹೋಗಿ ತಗುಲಿದವು. ಎರಡು ಸಾಲೂ ಸೇರಿ ಒಂದು ಬೇಲಿಯಂತೆ ಕಾಣುತ್ತಿತ್ತು. ಅಚ್ಚಾದ ಲೇಬಲ್ಲುಗಳನ್ನೆಲ್ಲ ಕೈಬಿಟ್ಟು ಹೊಸದಾಗಿ ಮುದ್ರಿಸಬೇಕಾಯಿತು. ಅದರಲ್ಲಿ ಒಂದನ್ನು ಮನೆಗೆ ತಂದು ತಂದೆಯವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ‘ಒತ್ತಿಗೆ ಜಾಗ ಬಿಡೋದು ಬೇಡವೇನಪ್ಪ?’ ಎಂದರು. ಬೈಯಲಿಲ್ಲ. ನಾಲ್ಕು ದಶಕ ಕನ್ನಡದಲ್ಲಿ ಲೆಕ್ಕ ಬರೆದವರಿಗೆ ಅದು ವಿನ್ಯಾಸದ ಸೂತ್ರವಲ್ಲ, ದಿನದ ಅಭ್ಯಾಸ. ಕನ್ನಡ ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಬೆಳೆಯುತ್ತದೆ. ಇಂಗ್ಲಿಷಿನ ಅಂಗಿಯನ್ನು ಅದಕ್ಕೆ ತೊಡಿಸಿದರೆ ತೋಳು ಹರಿಯುತ್ತದೆ.

ಲೆಕ್ಕದ ಪುಸ್ತಕದ ಹಿಂದೆ ಇನ್ನೂ ಹಳೆಯದೊಂದು ವಸ್ತು ಇದೆ, ಕಡತ. ಇವತ್ತು ಕಡತ ಎಂದರೆ ವಿಧಾನಸೌಧದಲ್ಲಿ ವಿಲೇವಾರಿಗೆ ಕಾಯುವ ಫೈಲು. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯ ಗ್ರಂಥದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ: ಎಂಟು ಅಂಗುಲದಿಂದ ಒಂದು ಅಡಿ ಅಗಲದ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಯ ಪಟ್ಟಿ, ಅದರ ಎರಡೂ ಬದಿಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ, ಒಣಗಿದ ಮೇಲೆ ಕತ್ತರಿಸದೆ ಒಂದರ ಮೇಲೊಂದು ಮಡಿಸಿಟ್ಟ ಪುಟಗಳು. ಅಂಟಿಗೆ ನಮ್ಮವರು ಹುಣಿಸೆ ಬೀಜವನ್ನು ಬಳಸುತ್ತಿದ್ದರು. ಬರೆಯುವುದು ಬಳಪದಿಂದ. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ವರ್ತಕರೂ ಶಾನುಭೋಗರೂ ಲೆಕ್ಕಕ್ಕೆ ಇದನ್ನೇ ನೆಚ್ಚಿಕೊಂಡಿದ್ದರು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ಆಕರ.

ಕರಿ ನೆಲದ ಮೇಲೆ ಬಿಳಿ ಅಕ್ಷರ. ಹದಿನೆಂಟು ಅಡಿ ಉದ್ದಕ್ಕೆ ಒಂದೇ ಪಟ್ಟಿ, ಬೇಕಾದ ಪುಟವನ್ನು ಎಳೆದು ತೆರೆಯುವುದು. ನಿಮ್ಮ ಜೇಬಿನಲ್ಲಿರುವ ಫೋನನ್ನು ರಾತ್ರಿ ಹೊತ್ತು ನೀವು ಓದುವುದು ಹೀಗೆಯೇ ಅಲ್ಲವೆ? ನಾನು ಮೊಬೈಲ್ ಪರದೆಗೆ ಕನ್ನಡ ಕೂರಿಸುವ ಕೆಲಸದಲ್ಲಿದ್ದಾಗ ಒಂದು ತೊಂದರೆ ಬಂತು. ಬಿಳಿ ಹಿನ್ನೆಲೆಯಲ್ಲಿ ಚೆನ್ನಾಗಿ ಕಾಣುತ್ತಿದ್ದ ಅಕ್ಷರವೇ ಕರಿ ಹಿನ್ನೆಲೆಯಲ್ಲಿ ಊದಿಕೊಂಡಂತೆ ಕಾಣುತ್ತಿತ್ತು. ಕಣ್ಣಿಗೆ ಬೆಳಕು ಸುತ್ತಲೂ ಚೆಲ್ಲಿದಂತೆ ಭಾಸವಾಗುವುದರಿಂದ ಹಾಗಾಗುತ್ತದೆ. ಬಿಳಿ ಗೆರೆಯನ್ನು ತುಸು ಸಣ್ಣಗೆ ಮಾಡಬೇಕು. ಆಮೇಲೆ ಒಮ್ಮೆ ಕಡತದ ಪುಟವೊಂದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ಬಳಪದ ಗೆರೆ ಎಷ್ಟು ಸಣ್ಣಗಿತ್ತು, ಎಷ್ಟು ಹಗುರಾಗಿತ್ತು! ಆ ಬರಹಗಾರ ಮೊನೆಯನ್ನು ಚೂಪಾಗಿ ಇಟ್ಟುಕೊಂಡಿದ್ದ. ಆ ಪುಟದ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ.

ಬಟ್ಟೆಯಿಂದ ಕಾಗದದ ವಿಷಯಕ್ಕೆ ಬಂದರೆ ಪಕ್ಕದ ಬೀದಿಗಳನ್ನು ಬಿಡುವಂತಿಲ್ಲ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿಗಳ ಸಾಲೇ ಇದೆ. ಅಂಚೆಯಲ್ಲಿ ಬಂದ ಕಾಗದದ ಮೂಲೆಗೆ ಅರಿಶಿನ ಹಚ್ಚಿದ್ದರೆ ತೆರೆಯುವ ಮೊದಲೇ ಮನೆಯವರ ಮುಖ ಅರಳುತ್ತದೆ. ಸಮಾರಾಧನೆಯ ಪತ್ರಿಕೆ ಬರೀ ಕಪ್ಪಿನಲ್ಲಿ, ಅಲಂಕಾರವಿಲ್ಲದೆ, ಅರಿಶಿನವಿಲ್ಲದೆ ಬರುತ್ತದೆ. ಬಾಗಿಲಲ್ಲಿ ಅದನ್ನು ಕೈಗೆ ತೆಗೆದುಕೊಂಡವರ ದನಿ ತಗ್ಗುತ್ತದೆ. ಒಂದಕ್ಷರ ಓದುವ ಮುನ್ನ ಸುದ್ದಿಯ ಸ್ವರೂಪ ತಿಳಿಯುತ್ತದೆ. ಇನ್ನು ನಮ್ಮ ಮಂಡಿಯ ಗೋಡೆಯ ಮೇಲೆ ಪ್ರತಿ ವರ್ಷ ತಪ್ಪದೆ ತೂಗುತ್ತಿದ್ದದ್ದು ಮೈಸೂರು ರಸ್ತೆಯ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು. 1916ರಲ್ಲಿ ಸ್ಥಾಪನೆಯಾದ ಮುದ್ರಣಾಲಯ ಅದು. ಆ ಕ್ಯಾಲೆಂಡರಿನಲ್ಲಿ ಅಂಕಿಯೇ ದೇವರು. ಕೋಣೆಯ ಆ ತುದಿಯಿಂದ ಸಾಹುಕಾರರು ತಾರೀಖು ಓದಬಹುದು, ಕೆಂಪು ಕಂಡರೆ ರಜೆ. ಹತ್ತಿರ ಹೋದವರಿಗೆ ಮಾತ್ರ ಹಬ್ಬ, ತಿಥಿಗಳ ಸಣ್ಣಕ್ಷರ. ದೂರಕ್ಕೆ ಒಂದು ಮಾಹಿತಿ, ಹತ್ತಿರಕ್ಕೆ ಇನ್ನೊಂದು. ಆಸ್ಪತ್ರೆಯ ಫಲಕಗಳನ್ನು ಮಾಡುವಾಗ ನಾನು ಅನುಸರಿಸಿದ್ದು ಇದೇ ಕ್ರಮವನ್ನು.

ಇನ್ನು ಬಣ್ಣ. ಇದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಬಣ್ಣವನ್ನು ಮಾತಿನಲ್ಲಿ ತೋರಿಸುವುದು ಕಷ್ಟ.

ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ. ಮೂರಕ್ಕೂ ನಾವು ಹಳದಿ ಎನ್ನುತ್ತೇವೆ. ಮೂರನ್ನೂ ಅಕ್ಕಪಕ್ಕ ಸುರಿದಾಗ ತೊಗರಿಯಲ್ಲಿ ಕಿತ್ತಳೆಯ ಛಾಯೆ, ಕಡಲೆಯಲ್ಲಿ ಮಣ್ಣಿನ ಛಾಯೆ, ಹೆಸರಿನಲ್ಲಿ ಹಸಿರಿನ ನೆನಪು ಕಾಣಿಸುತ್ತದೆ. ಪಳಗಿದ ವರ್ತಕರು ಚೀಲದೊಳಗೆ ಕೊಳವೆ ಚುಚ್ಚಿ ಹೊರತೆಗೆದ ಕಾಳನ್ನು ಅಂಗೈಯಲ್ಲಿ ಹಿಡಿದು ಬಾಗಿಲಿಗೆ ಬರುತ್ತಾರೆ. ಮಂಡಿಯೊಳಗಿನ ದೀಪದ ಬೆಳಕನ್ನು ಅವರು ನಂಬುವುದಿಲ್ಲ. ನೀಲಿ ಟಾರ್ಪಾಲಿನ ಕೆಳಗೆ ನಿಂತಿದ್ದರೆ ಎರಡು ಹೆಜ್ಜೆ ಆಚೆ ಸರಿದು ಬಿಸಿಲಲ್ಲಿ ನೋಡುತ್ತಾರೆ. ಬಣ್ಣ ಅಕ್ಕಪಕ್ಕದ ಬಣ್ಣಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ಜೋಸೆಫ್ ಆಲ್ಬರ್ಸ್ 1963ರಲ್ಲಿ ಪ್ರಕಟಿಸಿದ ಬಣ್ಣಗಳ ಪರಸ್ಪರ ಸಂಬಂಧದ ಪುಸ್ತಕ ಜಗತ್ತಿನ ಕಲಾಶಾಲೆಗಳಿಗೆ ಪಾಠ ಮಾಡಿತು. ಅದನ್ನು ಓದುವಾಗ ನನಗೆ ಗಾಂಧಿ ಬಜಾರಿನ ಹೂವಿನವರು ಕಣ್ಣ ಮುಂದೆ ಬಂದರು. ಮಲ್ಲಿಗೆಯನ್ನು ಅವರು ಬಾಳೆಎಲೆಯ ಮೇಲೆ ಸುರಿಯುತ್ತಾರೆ. ಎಲೆ ಹೂವನ್ನು ತಂಪಾಗಿಡುತ್ತದೆ, ಸರಿ. ಆ ಕಡು ಹಸಿರಿನ ಮೇಲೆ ಬಿಳಿ ಎಷ್ಟು ಬೆಳ್ಳಗಾಗುತ್ತದೆ ಎಂಬುದೂ ಮಾರುವವರಿಗೆ ಚೆನ್ನಾಗಿ ಗೊತ್ತು.

ಅರಿಶಿನ-ಕುಂಕುಮದ ಜೋಡಿಯನ್ನು ಮ. ರಾಮಮೂರ್ತಿಯವರು ಕನ್ನಡ ಬಾವುಟಕ್ಕೆ ತಂದರು. ಎರಡೇ ಪಟ್ಟಿ, ಎರಡೇ ಬಣ್ಣ. ರಾಜ್ಯೋತ್ಸವದ ತಿಂಗಳಲ್ಲಿ ತರಗುಪೇಟೆಯ ಲಾರಿಗಳ ಮುಂದೆ, ತಳ್ಳುಗಾಡಿಗಳ ಹಿಡಿಗೆ ಅದನ್ನು ಕಟ್ಟಿರುವುದನ್ನು ನೋಡಿ. ಹೊಲಿಯಲು ಸುಲಭ, ಬಣ್ಣ ಹಚ್ಚಲು ಸುಲಭ, ಮಗುವಿಗೂ ಬರೆಯಲು ಬರುತ್ತದೆ. ಲಾಂಛನ ಮಾಡುವವನಾಗಿ ನಾನು ಆ ಸರಳತೆಯನ್ನು ಬಹಳ ಗೌರವಿಸುತ್ತೇನೆ.

ಈಗ ಕೊನೆಯ ಭಾಗಕ್ಕೆ ಬರುತ್ತೇನೆ. ಬೀದಿಯಿಂದ ತಲೆಯೆತ್ತಿ ಅಂಗಡಿಗಳ ಬೋರ್ಡು ನೋಡೋಣ.

ಕೈಬರಹದ ಬೋರ್ಡುಗಳು ಮಂಡಿಗಳ ನೆತ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಬೋರ್ಡು ಬರೆಯುವವರು ಮೊದಲು ದಾರಕ್ಕೆ ಸುಣ್ಣದ ಪುಡಿ ಸವರಿ, ಎಳೆದು ಬಿಟ್ಟು, ಗೆರೆ ಮೂಡಿಸಿಕೊಳ್ಳುತ್ತಿದ್ದರು. ಹೆಸರು ಉದ್ದವಾಗಿ ಜಾಗ ಚಿಕ್ಕದಾದರೆ ಏನು ಮಾಡುತ್ತಿದ್ದರು ಎಂಬುದನ್ನು ನೋಡುವುದೇ ನನ್ನ ಅಚ್ಚುಮೆಚ್ಚಿನ ವಿನೋದ. ಒಬ್ಬರು ಒತ್ತಕ್ಷರವನ್ನು ನವಿಲಿನ ಗರಿಯಂತೆ ಹಿಂದಕ್ಕೆ ಬಾಗಿಸಿ ಹಿಂದಿನ ಅಕ್ಷರದ ಅಡಿಯಲ್ಲಿ ಸೇರಿಸುತ್ತಾರೆ. ಇನ್ನೊಬ್ಬರು ಕೊಂಬಿನ ಬಾಲವನ್ನು ಪೂರ್ತಿ ಹೆಸರಿನ ಕೆಳಗೆ ಎಳೆದು ಅಡಿಗೆರೆ ಮಾಡಿಬಿಡುತ್ತಾರೆ. ಮೂರನೆಯವರ ಅಕ್ಷರಗಳು ಬಲತುದಿಗೆ ಹೋದಂತೆ ಸ್ವಲ್ಪ ಸ್ವಲ್ಪ ಒತ್ತೊತ್ತಾಗಿ, ಕೊನೆಯ ‘ಮತ್ತು ಮಕ್ಕಳು’ ಬರುವ ಹೊತ್ತಿಗೆ ಮಕ್ಕಳೆಲ್ಲ ಒಂದೇ ಬೆಂಚಿನಲ್ಲಿ ಕೂತಂತಿರುತ್ತವೆ. ಪ್ರತಿಯೊಂದರಲ್ಲೂ ಒಬ್ಬ ಮನುಷ್ಯ ಏಣಿಯ ಮೇಲೆ ನಿಂತು ಯೋಚಿಸಿದ್ದಾನೆ. ಆ ಯೋಚನೆ ಕಾಣಿಸಿದಾಗ ನನ್ನ ಮನಸ್ಸು ಹಿಗ್ಗುತ್ತದೆ. ಜೊತೆಯಲ್ಲಿದ್ದವರಿಗೆ ತೋರಿಸುತ್ತೇನೆ, ಫೋಟೋ ತೆಗೆಯುತ್ತೇನೆ. ಅಂಗಡಿಯವರು ಏನೋ ತೆರಿಗೆ ವಿಷಯವೆಂದು ಗಾಬರಿಯಾಗಿ ಹೊರಗೆ ಬಂದದ್ದೂ ಇದೆ. ಕಾರಣ ಹೇಳಿದರೆ ಕುರ್ಚಿ ಹಾಕಿ ಕಾಫಿ ತರಿಸುತ್ತಾರೆ.

ಫ್ಲೆಕ್ಸ್ ಬಂದು ಎಲ್ಲ ಹಾಳಾಯಿತು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಫ್ಲೆಕ್ಸಿನಿಂದ ಸಣ್ಣ ಅಂಗಡಿಗೂ ಕಡಿಮೆ ಖರ್ಚಿನಲ್ಲಿ ಬೋರ್ಡು ಸಿಕ್ಕಿತು. ತೊಂದರೆ ಇರುವುದು ಬೇರೆ ಕಡೆ. ಜಾಗ ಸಾಲದಿದ್ದಾಗ ಕಂಪ್ಯೂಟರಿನಲ್ಲಿ ಅಕ್ಷರವನ್ನು ಎರಡು ಬದಿಯಿಂದ ಹಿಚುಕುವುದು ಸುಲಭ. ಹಿಚುಕಿದಾಗ ನಿಂತ ಗೆರೆಗಳೆಲ್ಲ ಸೊರಗುತ್ತವೆ, ಮಲಗಿದ ಗೆರೆಗಳು ದಪ್ಪವಾಗಿಯೇ ಉಳಿಯುತ್ತವೆ. ಅಗಲವೇ ಸೌಂದರ್ಯವಾಗಿರುವ ಕನ್ನಡಕ್ಕೆ ಇದರಷ್ಟು ನೋವಿನ ವಿಷಯ ಇನ್ನೊಂದಿಲ್ಲ. ಒಂದು ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದಕ್ಕೆ ಸಾಗಿಸಿದಾಗ ಒತ್ತು ಕಳಚಿಕೊಂಡು ಪಕ್ಕದಲ್ಲಿ ಒಂಟಿಯಾಗಿ ನಿಲ್ಲುವುದನ್ನೂ ನೀವು ನೋಡಿದ್ದೀರಿ. ತಾಯಿಯ ಕೈತಪ್ಪಿದ ಮಗುವನ್ನು ಮಾರ್ಕೆಟ್ಟಿನಲ್ಲಿ ಕಂಡ ಹಾಗೆ ನನಗೆ ಸಂಕಟವಾಗುತ್ತದೆ.

ಹಾಗೆಂದು ಕಂಪ್ಯೂಟರಿನ ಮೇಲೆ ನನಗೆ ದೂರಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ಕನ್ನಡ ಟೈಪಿಂಗ್ ಇಷ್ಟು ಹಗುರಾಗುತ್ತಿರಲಿಲ್ಲ. ಶೇಷಾದ್ರಿ ವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮನೆಮನೆಗೆ ಕನ್ನಡವನ್ನು ಒಯ್ದವು. ಆರ್.ಕೆ. ಜೋಶಿಯವರ ‘ತುಂಗಾ’ ವಿಂಡೋಸಿನೊಂದಿಗೇ ಬಂತು. ಈಚಿನ ವರ್ಷಗಳಲ್ಲಿ ಏಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ದಂಥ ದುಂಡು ದುಂಡಾದ, ನಗುಮುಖದ ಫಾಂಟುಗಳು ಯಾರು ಬೇಕಾದರೂ ಉಚಿತವಾಗಿ ಬಳಸಲು ಸಿಗುತ್ತಿವೆ. ನಮ್ಮ ನಗರದ ಮಿಥಿಕ್ ಸೊಸೈಟಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ, ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಕಲ್ಲಿನ ಅಕ್ಷರಗಳನ್ನು ಈಗ ಪರದೆಯ ಮೇಲೆ ತಿರುಗಿಸಿ, ಉಳಿಯ ಏಟು ಯಾವ ಕಡೆಯಿಂದ ಬಿತ್ತು ಎಂದು ನೋಡಬಹುದು. ಕಲ್ಲಿಗೆ ಉಳಿ, ಗರಿಗೆ ಕಂಟ, ಕಡತಕ್ಕೆ ಬಳಪ, ಗೋಣಿಗೆ ತಗಡು. ಪ್ರತಿಯೊಂದೂ ಕನ್ನಡಕ್ಕೆ ಒಂದೊಂದು ಮುಖ ಕೊಟ್ಟಿದೆ.

ಇವುಗಳಲ್ಲಿ ತಗಡಿನ ಮುಖ ಮಾತ್ರ ಈಗ ಮರೆಯಾಗುತ್ತಿದೆ. ಸೆಣಬಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಬಂದು, ನಾಲ್ಕಾರು ಬಣ್ಣದಲ್ಲಿ ಕಾರ್ಖಾನೆಯಲ್ಲೇ ಮುದ್ರಣವಾಗಿ ಬರುತ್ತಿದೆ. ಇವತ್ತು ಸಂಜೆ ಮುಕ್ಕಾಲು ಗಂಟೆ ಅಡ್ಡಾಡಿದ್ದಕ್ಕೆ ತಗಡಿನಿಂದ ಬರೆದ ಚೀಲ ನನಗೆ ಸಿಕ್ಕಿದ್ದು ಒಂದೇ. ಅದೂ ಒಂದು ಬಾಗಿಲ ಮುಂದೆ ಕಾಲೊರಸಾಗಿ ಬಿದ್ದಿತ್ತು. ಅದಕ್ಕಾಗಿಯೇ ಎರಡು ವರ್ಷಗಳಿಂದ ನಾನು ಆ ಶೈಲಿಯಲ್ಲಿ ಒಂದು ಫಾಂಟನ್ನು ಬಿಡಿಸುತ್ತಿದ್ದೇನೆ. ಮೂಲಾಕ್ಷರಗಳು ಮುಗಿದಿವೆ. ಕಾಗುಣಿತ ನಡೆದಿದೆ. ಒತ್ತಕ್ಷರಗಳಲ್ಲಿ ಸಿಕ್ಕಿಕೊಂಡಿದ್ದೇನೆ, ‘ಶ್ರೀ’ ಒಂದನ್ನೇ ಹದಿನೇಳು ಸಲ ಬಿಡಿಸಿದ್ದೇನೆ, ಕೊಂಡಿ ಎಲ್ಲಿಟ್ಟರೂ ಆ ಅಕ್ಷರದ ಗಾಂಭೀರ್ಯ ಒಡೆಯುತ್ತದೆ. ತಗಡು ಕೊರೆಯುವ ಹಿರಿಯರೊಬ್ಬರು ಕಲಾಸಿಪಾಳ್ಯದ ಕಡೆ ಇನ್ನೂ ಇದ್ದಾರೆಂದು ಇವತ್ತು ಒಬ್ಬ ಹಮಾಲಿ ಹೇಳಿದರು. ಸೋಮವಾರ ಹುಡುಕಿಕೊಂಡು ಹೋಗುತ್ತೇನೆ.

ಮಂಡಿ ಮುಚ್ಚಿದ ವರ್ಷ ತಂದೆಯವರು ಅಲ್ಲಿಂದ ಮನೆಗೆ ತಂದದ್ದು ಒಂದೇ ವಸ್ತು: ‘ತೊಗರಿಬೇಳೆ, ಬೆಂಗಳೂರು’ ಎಂದು ಕೊರೆದ ಒಂದು ತಗಡು. ಅದನ್ನು ಇವತ್ತು ತಂದಿದ್ದೇನೆ. ಮುಂದಿನ ಸಾಲಿನಿಂದ ಕೈಯಿಂದ ಕೈಗೆ ಹಾದುಹೋಗಲಿ. ದೀಪಕ್ಕೆ ಹಿಡಿದು ನೋಡಿದರೆ ಸೊನ್ನೆಯ ಕೊಂಡಿಗಳು ಚೆನ್ನಾಗಿ ಕಾಣುತ್ತವೆ. ಅಂಚು ಇನ್ನೂ ಹರಿತವಾಗಿದೆ, ದಯವಿಟ್ಟು ಜೋಪಾನವಾಗಿ ಹಿಡಿದುಕೊಳ್ಳಿ.